ನಿಧಾನವೂ ಇಕ್ಕಟ್ಟೂ

ಉಂಡೆ ಕೊಬ್ಬರಿ ಹೇಗಾಗುತ್ತದೆ ಎಂದು ಹೊರಗಿನವರಿಗೆ ಹೇಳಹೊರಟರೆ ಎಲ್ಲರೂ ಒಂದೇ ಕಡೆ ಮಾತು ತಡೆಯುತ್ತಾರೆ. ಮರದಲ್ಲಿ ವರ್ಷವಿಡೀ ಬಲಿತ ಕಾಯನ್ನು ಕೆಡವಿ, ಮಟ್ಟೆಯನ್ನೂ ಸುಲಿಯದೆ ಹಾಗೇ ಅಟ್ಟಕ್ಕೆ ಸುರಿದು, ಎಂಟರಿಂದ ಹನ್ನೆರಡು ತಿಂಗಳು ಅದರ ಪಾಡಿಗೆ ಬಿಡುತ್ತಾರೆ ಎನ್ನುತ್ತಿದ್ದಂತೆ, "ಅಷ್ಟು ದಿನ ಸುಮ್ಮನೆ ಬಿದ್ದಿರುತ್ತಾ? ಬೇಗ ಒಣಗಿಸೋಕೆ ಏನಾದರೂ ಮಾಡಬಾರದಾ?" ಎಂಬ ಪ್ರಶ್ನೆ ಬರುತ್ತದೆ. ಪೀಣ್ಯದ ಕಾರ್ಖಾನೆಗಳಲ್ಲಿ ಉತ್ಪಾದನೆಯ ಲೆಕ್ಕ ಬರೆದವರಂತೂ ಇದನ್ನು ಕೇಳದೆ ಬಿಡುವುದಿಲ್ಲ. ಹತ್ತು ಹಂತದ ಕೆಲಸದಲ್ಲಿ ಒಂಬತ್ತು ಹಂತ ಗಂಟೆಗಳಲ್ಲಿ ಮುಗಿದು ಒಂದು ಹಂತ ಮಾತ್ರ ತಿಂಗಳುಗಟ್ಟಲೆ ಹಿಡಿದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ತಡೆ ಇರುವುದೇ ಅಲ್ಲಿ ಎಂದು ಅನಿಸುತ್ತದೆ.

ಅಲ್ಲಿಲ್ಲ. ಯಾಕೆ ಎಂದು ತಿಳಿಯಲು ತುರುವೇಕೆರೆ ಸೀಮೆಯ ಒಂದು ಸಾಧಾರಣ ತೋಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಎರಡು ಎಕರೆ, ನೂರು ಮರ, ಮರಕ್ಕೆ ವರ್ಷಕ್ಕೆ ಅರವತ್ತು ಕಾಯಿ ಅಂತಿಟ್ಟುಕೊಳ್ಳಿ. ವರ್ಷಕ್ಕೆ 6,000 ಕಾಯಿ, ತಿಂಗಳಿಗೆ ಸರಾಸರಿ 500. ಒಣಗಲು ಹನ್ನೊಂದು ತಿಂಗಳು ಹಿಡಿದರೆ ಯಾವಾಗ ನೋಡಿದರೂ ಅಟ್ಟದಲ್ಲಿ ಸುಮಾರು 5,500 ಕಾಯಿ ಇರುತ್ತವೆ. ಈಗ ಯಾರೋ ಜಾಣರು ಬಂದು ಹನ್ನೊಂದು ತಿಂಗಳನ್ನು ಐದಕ್ಕೆ ಇಳಿಸಿಕೊಟ್ಟರು ಎನ್ನೋಣ. ಅಟ್ಟದ ರಾಶಿ 2,500ಕ್ಕೆ ಇಳಿಯುತ್ತದೆ. ವರ್ಷಕ್ಕೆ ಆಗುವ ಕೊಬ್ಬರಿ? ಅದೇ 6,000. ಅದಕ್ಕಿಂತ ಒಂದು ಗಿಟಕೂ, ಎಂದರೆ ಒಂದು ಉಂಡೆಯೂ, ಹೆಚ್ಚಿಲ್ಲ. ಜಾಗ ಉಳಿಯಿತು, ಒಂದು ಸಲಕ್ಕೆ ಒಂದಿಷ್ಟು ದುಡ್ಡು ಬೇಗ ಕೈಗೆ ಬಂತು, ಅಷ್ಟೇ. ಈ ಲೆಕ್ಕವನ್ನು 1961ರಲ್ಲಿ ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು ಗಣಿತದಲ್ಲಿ ಸಾಧಿಸಿ ತೋರಿಸಿದರು: ಒಳಗಿರುವುದರ ಸಂಖ್ಯೆ ಎಂದರೆ ಒಳಬರುವ ವೇಗವನ್ನು ಒಳಗಿರುವ ಕಾಲದಿಂದ ಗುಣಿಸಿದ್ದು. ಆಸ್ಪತ್ರೆಯ ಸಾಲಿಗೂ ಬ್ಯಾಂಕಿನ ಸಾಲಿಗೂ ಅದೇ ಸೂತ್ರ. ಕಾಯಿ ಎಷ್ಟು ಬಂದರೆ ಅಟ್ಟ ಎಷ್ಟು ಅಗಲ ಬೇಕು ಎಂದು ಅಂದಾಜು ಹಾಕಿ ಕಟ್ಟಿಸಿದ ನಮ್ಮ ಹಿರಿಯರಿಗೆ ಸೂತ್ರದ ಹೆಸರು ಬೇಕಿರಲಿಲ್ಲ.

ಅಂದರೆ ನಿಧಾನ ಬೇರೆ, ಇಕ್ಕಟ್ಟು ಬೇರೆ. ಅಟ್ಟ ನಿಧಾನ, ಆದರೆ ಅಗಲ. ಒಂದೇ ಕಾಲಕ್ಕೆ ಸಾವಿರಾರು ಕಾಯಿ ಅಲ್ಲಿ ಅಕ್ಕಪಕ್ಕ ಒಣಗುತ್ತವೆ, ಒಂದು ಇನ್ನೊಂದಕ್ಕೆ ಕಾಯುವುದಿಲ್ಲ. (ಅಟ್ಟವೇ ಚಿಕ್ಕದಾಗಿದ್ದರೆ ಮಾತು ಬೇರೆ. ಜಾಗವಿಲ್ಲದವರು ಕಾಯನ್ನು ಹಸಿಯಾಗಿಯೇ ಮಾರುತ್ತಾರೆ. ಅವರ ಪಾಲಿಗೆ ಅಟ್ಟವೇ ಇಕ್ಕಟ್ಟು.)

ಬೇಗ ಒಣಗಿಸುವ ದಾರಿ ಇಲ್ಲವೆಂದೇನೂ ಅಲ್ಲ. ಎಣ್ಣೆಗೆಂದು ಮಾಡುವ ಹೋಳು ಕೊಬ್ಬರಿಯನ್ನು ಕೇರಳದ ಕಡೆ ಒಡೆದು ಬಿಸಿಲಿಗೋ ಗೂಡಿಗೋ ಹಾಕಿ ದಿನಗಳ ಲೆಕ್ಕದಲ್ಲಿ ಮುಗಿಸುತ್ತಾರೆ. ನಮ್ಮದು ತಿನ್ನುವ ಕೊಬ್ಬರಿ. ದೆಹಲಿ, ರಾಜಸ್ಥಾನ, ಉತ್ತರ ಪ್ರದೇಶದ ಕಡೆ ಹಬ್ಬಕ್ಕೆ, ಮದುವೆಗೆ, ಸಿಹಿಗೆ ಹೋಗುವುದು. ಅದು ಇಡಿಯಾಗಿರಬೇಕು, ಒಳಗೆ ಬೆಳ್ಳಗಿರಬೇಕು. ಅರ್ಧಕ್ಕರ್ಧ ನೀರಿರುವ ತಿರುಳು ಚಿಪ್ಪಿನೊಳಗೇ ನೂರಕ್ಕೆ ಆರೇಳು ಭಾಗದ ತೇವಕ್ಕೆ ಇಳಿಯಬೇಕು. ಮಟ್ಟೆಯ ಒಳಗಿಂದ ನೀರು ಹೋಗುವ ದಾರಿಯೇ ಸಣ್ಣದು, ಅದಕ್ಕೆ ಅವಸರವಿಲ್ಲ. ಹಳೆಯ ಮನೆಗಳಲ್ಲಿ ಅಡಿಗೆಯ ಒಲೆಯ ಹೊಗೆ ಅಟ್ಟಕ್ಕೆ ಏರಿ ಅದೇ ಕೆಲಸಕ್ಕೆ ಕೈಜೋಡಿಸುತ್ತಿತ್ತು.

ಹಾಗಾದರೆ ಇಕ್ಕಟ್ಟು ಎಲ್ಲಿ? ಹಂತಗಳನ್ನು ಒಂದೊಂದಾಗಿ ನಡೆದು ನೋಡಬೇಕು. ಕಾಯಿ ಕೀಳುವುದು, ಇಲ್ಲವೇ ಬಿದ್ದದ್ದನ್ನು ಆಯುವುದು. ಗಾಡಿಗೆ ತುಂಬಿ ಅಟ್ಟಕ್ಕೆ ಏರಿಸುವುದು. ಒಣಗಿದ ಮೇಲೆ ಇಳಿಸಿ ನೆಲಕ್ಕೆ ನೆಟ್ಟ ಹಾರೆಗೆ ಚುಚ್ಚಿ ಮಟ್ಟೆ ಸುಲಿಯುವುದು. ಆಮೇಲೆ ಚಿಪ್ಪು ಬಿಡಿಸುವುದು. ಕೌಟು ಬೇರೆ, ಹೋಳು ಬೇರೆ, ಸಣ್ಣದು ಬೇರೆ ಮಾಡಿ ಚೀಲಕ್ಕೆ ತುಂಬುವುದು. ಕೊನೆಗೆ ತಿಪಟೂರಿನ ಮಾರುಕಟ್ಟೆ.

ಚಿಪ್ಪು ಬಿಡಿಸುವ ಜಾಗದಲ್ಲಿ ಒಂದು ಗಳಿಗೆ ನಿಂತರೆ ಸಾಕು. ಅಂಗಳದ ನೆರಳಲ್ಲಿ ಕೂತ ಹೆಂಗಸರು ಸುಲಿದ ಕಾಯನ್ನು ಅಂಗೈಯಲ್ಲಿ ತಿರುಗಿಸುತ್ತ ಮಚ್ಚಿನಿಂದ ಚಿಪ್ಪಿಗೆ ಏಟು ಕೊಡುತ್ತಾರೆ. ಏಟು ಚಿಪ್ಪನ್ನು ಒಡೆಯಬೇಕು, ಒಳಗಿನ ಉಂಡೆಗೆ ತಾಗಬಾರದು. ಎರಡರ ನಡುವೆ ಇರುವ ಸಂದು ಕೂದಲೆಳೆಯಷ್ಟು. ಪ್ರತಿ ಕಾಯಿಯ ಚಿಪ್ಪಿನ ದಪ್ಪ ಬೇರೆ, ಆಕಾರ ಬೇರೆ. ಏಟು ಹೆಚ್ಚಾದರೆ ಗಿಟಕು ಹೋಳಾಗುತ್ತದೆ, ಹೋಳಾದರೆ ಬೆಲೆ ಬಿದ್ದುಹೋಗುತ್ತದೆ. ಕಡಿಮೆಯಾದರೆ ಮತ್ತೊಂದು ಏಟು, ಮತ್ತೊಂದು ಕ್ಷಣ. ಒಂದು ಕ್ವಿಂಟಾಲ್ ಆಗಲು ಕಾಯಿಯ ಗಾತ್ರ ನೋಡಿಕೊಂಡು ಆರುನೂರು ಏಳುನೂರು ಉಂಡೆ ಬೇಕು. ಅಷ್ಟೂ ಒಂದೊಂದಾಗಿ ಒಬ್ಬೊಬ್ಬರ ಕೈಯನ್ನು ಹಾದು ಬರಬೇಕು. ಇಲ್ಲಿ ಸಾವಿರ ಕಾಯಿ ಅಕ್ಕಪಕ್ಕ ಕೂತು ತಾವಾಗಿ ಬಿಚ್ಚಿಕೊಳ್ಳುವುದಿಲ್ಲ. ಒಂದು ಕಾಯಿಗೆ ಹಿಡಿಯುವ ಹೊತ್ತು ಅರ್ಧ ನಿಮಿಷವೇ ಇರಬಹುದು. ಇಡೀ ಮನೆಯ ಕೊಬ್ಬರಿ ವಾರಕ್ಕೆ ಎಷ್ಟು ಚೀಲ ಎಂಬುದನ್ನು ತೀರ್ಮಾನ ಮಾಡುವುದು ಆ ಅರ್ಧ ನಿಮಿಷ, ಮೇಲಿನ ಹನ್ನೊಂದು ತಿಂಗಳಲ್ಲ.

ನಮ್ಮ ಊರಲ್ಲಿ ಈ ಕೆಲಸದಲ್ಲೇ ತಲೆ ನೆರೆತ ಒಬ್ಬ ಅಕ್ಕನಿಗೆ, "ಈ ವಾರ ಬೇಗ ಮುಗಿಸಿಕೊಡಕ್ಕ, ಕಾಯಿ ಎಲ್ಲ ಒಣಗಿ ಕೂತಿವೆ" ಎಂದರೆ ಆಕೆ ತಲೆಯೆತ್ತದೆ ಹೇಳುತ್ತಿದ್ದುದು ಇಷ್ಟೇ: "ಕಾಯಿ ಎಷ್ಟಾದ್ರೂ ಒಣಗ್ಲಿ ಬುಡಪ್ಪ, ನನ್ ಕೈ ಎರಡೇ ತಾನೆ?"

ಎಲಿಯಾಹು ಗೋಲ್ಡ್‌ರಾಟ್ 1984ರಲ್ಲಿ ಕಾದಂಬರಿಯ ರೂಪದಲ್ಲಿ ಬರೆದ 'ದಿ ಗೋಲ್' ಇದೇ ಮಾತಿನ ವಿಸ್ತಾರ. ಭೌತವಿಜ್ಞಾನ ಓದಿದ ಈ ಇಸ್ರೇಲಿ ಕಾರ್ಖಾನೆಗಳ ಕಡೆ ತಿರುಗಿ ಕಂಡುಕೊಂಡದ್ದು ಇದು: ಸರಣಿಯ ಕೆಲಸದಲ್ಲಿ ಯಾವುದಾದರೂ ಒಂದು ಕಡೆ ಇಕ್ಕಟ್ಟು ಇದ್ದೇ ಇರುತ್ತದೆ. ಅಲ್ಲಿ ಕಳೆದುಹೋದ ಒಂದು ಗಂಟೆ ಇಡೀ ಕಾರ್ಖಾನೆ ಕಳೆದುಕೊಂಡ ಗಂಟೆ. ಬೇರೆಡೆ ಉಳಿಸಿದ ಗಂಟೆ ಬರೀ ತೋರಿಕೆ. ಇಕ್ಕಟ್ಟನ್ನು ಮೊದಲು ಗುರುತಿಸು, ಅದರ ಕೈಯಿಂದ ಪೂರ್ತಿ ಕೆಲಸ ತೆಗೆ, ಉಳಿದವರೆಲ್ಲ ಅದರ ಹೆಜ್ಜೆಗೆ ತಮ್ಮ ಹೆಜ್ಜೆ ಹೊಂದಿಸಲಿ, ಆಮೇಲೆ ಅದನ್ನು ಅಗಲ ಮಾಡಲು ದುಡ್ಡು ಹಾಕು. ಅಗಲವಾದ ಮೇಲೆ ಇಕ್ಕಟ್ಟು ಇನ್ನೆಲ್ಲಿಗೋ ಹೋಗಿರುತ್ತದೆ, ಮತ್ತೆ ಹುಡುಕು. ಮ್ಯಾನೇಜ್‌ಮೆಂಟ್ ಕಾಲೇಜಿನವರು ಇದಕ್ಕೆ ಐದು ಹೆಜ್ಜೆಯ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾರೆ. ಚೆನ್ನಾಗಿದೆ. ಆದರೆ ಮೊದಲ ಹೆಜ್ಜೆಯಾದ ಗುರುತಿಸುವುದೇ ಕಷ್ಟ ಎನ್ನುವುದನ್ನು ಆ ಚಿತ್ರ ಹೇಳುವುದಿಲ್ಲ.

ಯಾಕೆಂದರೆ ಸಾಮಾನ್ಯವಾಗಿ ಕೊಡುವ ಗುರುತು ರಾಶಿ. ಯಾವ ಹಂತದ ಮುಂದೆ ಮಾಲು ಗುಡ್ಡೆ ಬಿದ್ದಿದೆಯೋ ಅದೇ ಇಕ್ಕಟ್ಟು ಎನ್ನುತ್ತಾರೆ. ಪೀಣ್ಯದ ಷಾಪ್ ಫ್ಲೋರಿನಲ್ಲಿ ಇದು ಬಹುಮಟ್ಟಿಗೆ ನಿಜ. ಕೊಬ್ಬರಿಯಲ್ಲಿ ಈ ಗುರುತು ಮೋಸ ಮಾಡುತ್ತದೆ. ಇಲ್ಲಿ ರಾಶಿ ಇರಬೇಕಾದದ್ದೇ ಅಟ್ಟದಲ್ಲಿ, ಅದು ಕೆಲಸ ನಡೆಯುತ್ತಿರುವ ಲಕ್ಷಣ. ಆ ರಾಶಿಯೊಳಗೇ ಇನ್ನೊಂದು ರಾಶಿ ಅಡಗಿರುತ್ತದೆ: ಒಣಗಿ ಮುಗಿದು, ಇಳಿಸುವವರಿಲ್ಲದೆ, ಬಿಡಿಸುವವರಿಲ್ಲದೆ ಅಲ್ಲೇ ಕೂತ ಕಾಯಿಗಳು. ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ. ಒಂದು ಕಾಯುವುದರಲ್ಲಿ ಕೆಲಸ ಆಗುತ್ತಿದೆ, ಇನ್ನೊಂದರಲ್ಲಿ ಬರೀ ಕಾಯುವುದಷ್ಟೇ ಇದೆ. ಕಣ್ಣಿಗೆ ಬೇರೆ ಮಾಡಲು ಬಾರದು, ಕಿವಿಗೆ ಬರುತ್ತದೆ. ಕಾಯನ್ನು ಎತ್ತಿ ಅಲುಗಿಸಿದಾಗ ನೀರಿನ ಕುಲುಕು ಕೇಳಿಸಿದರೆ ಇನ್ನೂ ಕಾಲವಿದೆ, ಒಳಗೆ ಉಂಡೆ ಬಿಟ್ಟುಕೊಂಡು ಲೊಡಲೊಡ ಎಂದರೆ ಆಗಿದೆ. ಕೆಲವರು ಅಟ್ಟದಲ್ಲಿ ಹಳೆಯ ಕೊಯ್ಲನ್ನೂ ಹೊಸ ಕೊಯ್ಲನ್ನೂ ಬೆರೆಸದೆ ಬೇರೆ ಬೇರೆ ಅಂಕಣದಲ್ಲಿ ಹಾಕುವುದು ಇದಕ್ಕೇ. ಬೆರೆಸಿದವರು ಪ್ರತಿಯೊಂದನ್ನೂ ಕಿವಿಯ ಹತ್ತಿರ ಹಿಡಿಯಬೇಕು.

ನನಗೆ ಇದು ಕೊಬ್ಬರಿಯ ಆಚೆಗೂ ಉಪಯೋಗಕ್ಕೆ ಬಂದಿದೆ. ಒಂದು ಕಡತ ಮೂರು ತಿಂಗಳಿಂದ ಒಂದು ಮೇಜಿನ ಮೇಲಿದೆ ಎಂದರೆ ಅಲ್ಲಿ ಏನೋ ಮಾಗುತ್ತಿದೆಯೋ, ಮಾಗಿ ಆಗಿದ್ದು ಯಾರ ಸಹಿಗೋ ಕಾಯುತ್ತಿದೆಯೋ? ಅಲುಗಿಸಿ ನೋಡದೆ ಹೇಳಲಾಗದು.

ಇನ್ನೊಂದು ಕಾರಣಕ್ಕೂ ಗುರುತಿಸುವುದು ಕಷ್ಟ. ನಾವು ಯಂತ್ರ ತಂದಿಡುವುದು ಯಂತ್ರ ಸಿಗುವ ಜಾಗಕ್ಕೆ, ಇಕ್ಕಟ್ಟು ಇರುವ ಜಾಗಕ್ಕಲ್ಲ. ಮಟ್ಟೆ ಸುಲಿಯುವ ಯಂತ್ರ ಬಂದಿದೆ, ಓಡುತ್ತದೆ, ಸದ್ದು ಮಾಡುತ್ತದೆ, ನೋಡಲು ಜನ ಸೇರುತ್ತಾರೆ. ಮಟ್ಟೆ ಸುಲಿಯುವುದು ರಟ್ಟೆಯ ಕೆಲಸ, ಅದರಿಂದ ಆ ಮನುಷ್ಯನ ಬೆನ್ನು ಉಳಿಯುತ್ತದೆ. ಅದನ್ನು ಹಗುರವಾಗಿ ಎಣಿಸಬಾರದು. ಆದರೆ ಚಿಪ್ಪು ಬಿಡಿಸುವವರು ಅಷ್ಟೇ ಮಂದಿ ಇದ್ದರೆ ಯಂತ್ರ ಬಂದ ವಾರವೂ ಚೀಲದ ಲೆಕ್ಕ ಮೊದಲಿನಷ್ಟೇ. ಬದಲಾದದ್ದು ಸುಲಿದ ಕಾಯಿಯ ಗುಡ್ಡೆಯ ಎತ್ತರ ಮಾತ್ರ. ಮಟ್ಟೆಯೊಳಗೆ ಸುರಕ್ಷಿತವಾಗಿದ್ದ ಕಾಯಿ ಈಗ ಇಲಿಗೂ ಅಕಾಲದ ಮಳೆಗೂ ಬಾಯಿಬಿಟ್ಟುಕೊಂಡು ಕೂತಿರುತ್ತದೆ. ಬೇಗ ಮಾಡಿದ್ದರಿಂದ ನಷ್ಟವೇ ಆಯಿತು. ಉಂಡೆ ಒಡೆಯದಂತೆ ಚಿಪ್ಪು ಬಿಡಿಸುವ ಯಂತ್ರ ಮಾಡುವುದು ಕಷ್ಟ. ದಪ್ಪ ತೆಳುವು ತಿಳಿದು ಏಟು ಬದಲಿಸುವ ಕೈಯನ್ನು ಕಬ್ಬಿಣಕ್ಕೆ ಕಲಿಸಬೇಕಾಗುತ್ತದೆ.

ತಿಳಿವಳಿಕೆಯಿದ್ದ ಮನೆಗಳು ಯಂತ್ರವಿಲ್ಲದೆಯೇ ಇಕ್ಕಟ್ಟನ್ನು ಅಗಲ ಮಾಡಿಕೊಂಡದ್ದನ್ನು ನೋಡಿದ್ದೇನೆ. ಬಿಡಿಸುವವಳು ಕೂತ ಜಾಗದಿಂದ ಏಳಬಾರದು ಎಂಬುದೇ ಅಲ್ಲಿಯ ಅಲಿಖಿತ ಕಾನೂನು. ಮಕ್ಕಳು ಮಂಕರಿಯಲ್ಲಿ ಕಾಯಿ ತಂದು ಎಡಗೈ ಬದಿಗೆ ಸುರಿಯುತ್ತಾರೆ, ಚಿಪ್ಪನ್ನು ಬಾಚಿಕೊಂಡು ಹೋಗುತ್ತಾರೆ. ಕಾಫಿ ಕೂತಲ್ಲಿಗೇ ಬರುತ್ತದೆ. ಮಚ್ಚು ಮಸೆಯುವುದು ಇನ್ನೊಬ್ಬರ ಕೆಲಸ. ಎಲ್ಲಕ್ಕಿಂತ ಮುಖ್ಯವಾಗಿ, ಒಣಗದ ಕಾಯಿ, ಬಿರುಕು ಬಿಟ್ಟದ್ದು, ಮೊಳೆತದ್ದು, ಕೊಳೆತದ್ದು ಆಕೆಯ ಮುಂದಕ್ಕೆ ಬರದಂತೆ ಮೊದಲೇ ಅಲುಗಿಸಿ ಆರಿಸುತ್ತಾರೆ. ಕೆಟ್ಟ ಕಾಯಿಗೆ ಕೊಟ್ಟ ಏಟು ಒಳ್ಳೆಯ ಕಾಯಿಯಿಂದ ಕಿತ್ತುಕೊಂಡ ಏಟು. ಎಷ್ಟೋ ಕಾರ್ಖಾನೆಗಳು ತಪಾಸಣೆಯನ್ನು ಕೊನೆಗೆ ಇಟ್ಟುಕೊಂಡಿರುತ್ತವೆ. ಇಕ್ಕಟ್ಟಿನ ಮುಂಚೆ ಇಡಬೇಕು ಎಂಬುದು ಈ ಅಂಗಳದಲ್ಲಿ ಹಳೆಯ ಮಾತು.

ಕೂಲಿಯ ವಿಷಯ ಬಂದಾಗ ಮಾತ್ರ ಈ ತಿಳಿವಳಿಕೆ ಕಾಣೆಯಾಗುತ್ತದೆ. ಇಡೀ ಮನೆಯ ವರಮಾನ ಯಾರ ಕೈಯನ್ನು ಹಾದು ಬರುತ್ತದೋ ಅವರ ದರ ನಿಗದಿಯಾಗುವಾಗ ಅದು "ಹೆಂಗಸರು ಕೂತು ಮಾಡುವ ಕೆಲಸ" ಆಗಿಬಿಡುತ್ತದೆ. ಮರ ಹತ್ತುವವನ ಕೂಲಿ ಏರಿತು, ಜೀವದ ಭಯವಿರುವ ಕೆಲಸ, ಏರಬೇಕಾದದ್ದೇ. ಕೂತಲ್ಲೇ ಕೂತು ಸೊಂಟ ಹಿಡಿಸಿಕೊಂಡವರ ಕೂಲಿ ಅದರ ಹಿಂದೆ ಕುಂಟಿಕೊಂಡು ಬಂತು. ಮನುಷ್ಯರೇ ಇಕ್ಕಟ್ಟಾದಾಗ ಗುರುತಿಸುವುದಕ್ಕೂ ದೂರುವುದಕ್ಕೂ ನಡುವಣ ಅಂತರ ಬಹಳ ಸಣ್ಣದು. 'ಇವಳಿಂದ ತಡ' ಎನ್ನುವ ನಾಲಗೆಗೆ 'ಇವಳಿಂದಲೇ ಇಷ್ಟಾದರೂ' ಎನ್ನಲು ಬರುವುದಿಲ್ಲ. ಗೋಲ್ಡ್‌ರಾಟ್ ಕಾದಂಬರಿಯಲ್ಲಿ ಹುಡುಗರ ಸಾಲು ಕಾಡುದಾರಿಯಲ್ಲಿ ನಡೆಯುವಾಗ ಒಬ್ಬ ದಪ್ಪ ಹುಡುಗ ಹಿಂದುಳಿಯುತ್ತಾನೆ. ಅವನನ್ನು ಬೈದು ಪ್ರಯೋಜನವಾಗುವುದಿಲ್ಲ. ಅವನ ಚೀಲದ ಭಾರವನ್ನು ಉಳಿದವರು ಹಂಚಿಕೊಂಡಾಗ ಎಲ್ಲರ ನಡಿಗೆಯೂ ಚುರುಕಾಗುತ್ತದೆ. ನಮ್ಮ ಸೀಮೆಯಲ್ಲಿ ಭಾರ ಹಂಚಿಕೊಳ್ಳದ್ದರ ಫಲ ಈಗ ಕಾಣುತ್ತಿದೆ. ಆ ಅಕ್ಕನ ಮಕ್ಕಳು ಮಚ್ಚು ಹಿಡಿಯಲಿಲ್ಲ, ಬೆಂಗಳೂರಿಗೆ ಹೋದರು.

ಇಕ್ಕಟ್ಟು ಒಂದೇ ಕಡೆ ನಿಲ್ಲುವುದಿಲ್ಲ ಎನ್ನುವುದಕ್ಕೆ 2024ರ ಬೇಸಿಗೆಯ ಮುಂಚಿನ ದಿನಗಳಿಗಿಂತ ಒಳ್ಳೆಯ ಪಾಠ ಬೇಡ. ಅದರ ಹಿಂದಿನ ವರ್ಷ ಕೊಬ್ಬರಿ ಬೆಲೆ ಕುಸಿದು, ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೆ ಮಾರುಕಟ್ಟೆಯಲ್ಲಿ ಹತ್ತು ಸಾವಿರವೂ ಸಿಗುತ್ತಿರಲಿಲ್ಲ. 2024ಕ್ಕೆ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 12,000, ಅದರ ಮೇಲೆ ರಾಜ್ಯದ ಪ್ರೋತ್ಸಾಹಧನ 1,500. ಆ ದರಕ್ಕೆ ನಾಫೆಡ್ ಮೂಲಕ ಕೊಳ್ಳುವುದು 62,500 ಟನ್ ಮಾತ್ರ, ಎಕರೆಗೆ ಆರು ಕ್ವಿಂಟಾಲ್, ಒಬ್ಬ ರೈತನಿಗೆ ಹದಿನೈದು ಕ್ವಿಂಟಾಲ್ ಮಿತಿ. ಕಾಯಿ ಇತ್ತು, ಒಣಗಿತ್ತು, ಬಿಡಿಸಿಯೂ ಆಗಿತ್ತು. ಇಕ್ಕಟ್ಟು ಹೋಗಿ ನೋಂದಣಿ ಕೇಂದ್ರದ ಕಿಟಕಿಯಲ್ಲಿ ಕೂತಿತ್ತು. ಜನ ರಾತ್ರಿಯೇ ಬಂದು ಸಾಲು ಹಿಡಿದರು. ಫೆಬ್ರುವರಿಯಲ್ಲಿ ತೆರೆದ ನೋಂದಣಿ ಕೆಲವೇ ದಿನಗಳಲ್ಲಿ ಭರ್ತಿಯಾಗಿ, ಅಕ್ರಮದ ದೂರು ಬಂದು, ರದ್ದಾಗಿ, ಮಾರ್ಚ್‌ನಲ್ಲಿ ಮತ್ತೆ ಮೊದಲಿಂದ ಶುರುವಾಯಿತು. ಆ ತಿಂಗಳುಗಳಲ್ಲಿ ಚಿಪ್ಪು ಬಿಡಿಸುವ ಕೈ ದುಪ್ಪಟ್ಟಾಗಿದ್ದರೂ ಒಂದು ರೂಪಾಯಿ ಹೆಚ್ಚು ಬರುತ್ತಿರಲಿಲ್ಲ.

ಈ ಕಿಟಕಿಯ ಇಕ್ಕಟ್ಟಿಗೂ ಅಂಗಳದ ಇಕ್ಕಟ್ಟಿಗೂ ಒಂದು ವ್ಯತ್ಯಾಸವಿದೆ. ಅಂಗಳದಲ್ಲಿ ಇರುವುದು ಕೈಯ ಮಿತಿ. ಕಿಟಕಿಯಲ್ಲಿ ಇದ್ದದ್ದು ಕಾಗದದ ಮೇಲೆ ಬರೆದ ಮಿತಿ, ಅದನ್ನು ಬರೆದ ಕೈಗೆ ಅಳಿಸಲೂ ಬರುತ್ತದೆ. ಅದಕ್ಕೇ ಅದರ ಮುಂದೆ ನಿಂತವರ ಸಿಟ್ಟು ಬೇರೆ ಬಗೆಯದು. ಕಾಯಿ ಒಣಗಲಿಲ್ಲ ಎಂದು ನಮ್ಮಲ್ಲಿ ಯಾರೂ ರಸ್ತೆ ತಡೆ ಮಾಡಿದ್ದಿಲ್ಲ.

ಅದಾದ ಒಂದೇ ವರ್ಷಕ್ಕೆ ಎಲ್ಲ ತಲೆಕೆಳಗು. 2025ರಲ್ಲಿ ತಿಪಟೂರಿನಲ್ಲಿ ಕ್ವಿಂಟಾಲ್ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ಕೊಳ್ಳುವವರಿದ್ದರು, ಬೆಂಬಲ ಬೆಲೆಯ ಕಿಟಕಿಯತ್ತ ಹೋಗುವ ಅಗತ್ಯವೇ ಇರಲಿಲ್ಲ, ಆದರೆ ಅಟ್ಟದಲ್ಲಿ ಕಾಯಿ ಇರಲಿಲ್ಲ. ಇಕ್ಕಟ್ಟು ಸರಣಿಯ ಈ ತುದಿಯಿಂದ ಆ ತುದಿಗೆ ಹಾರಿ ಮರದ ತಲೆಯ ಮೇಲೆ ಕೂತಿತ್ತು. ಕಾಯಿಲೆ, ಬಿಳಿನೊಣ, ಎಳನೀರಿಗೇ ಕೊಯ್ದು ಮಾರಿದ್ದು, ಹೀಗೆ ಕಾರಣ ಹಲವು. ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬರ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸಾರಿದರು. ರಾಗಿ ಬೆಳೆದವನಿಗೆ ಬರದ ಏಟು ಅದೇ ಸುಗ್ಗಿಯಲ್ಲಿ ತಿಳಿಯುತ್ತದೆ. ತೆಂಗಿನ ಲೆಕ್ಕ ಹಾಗಲ್ಲ. ಮರದ ಸುಳಿಯೊಳಗೆ ಹೊಂಬಾಳೆಯ ಮೊದಲ ಮೊಳಕೆ ಮೂಡಿದ ಗಳಿಗೆಯಿಂದ ಕಾಯಿ ಬಲಿತು ಕೈಗೆ ಬರುವವರೆಗೆ ಸುಮಾರು 44 ತಿಂಗಳು. ಅದರಲ್ಲಿ ನಮ್ಮ ಕಣ್ಣಿಗೆ ಕಾಣುವುದು ಹೊಂಬಾಳೆ ಒಡೆದ ಮೇಲಿನ ಹನ್ನೆರಡು ತಿಂಗಳು. ಅದಕ್ಕೆ ಮುಂಚಿನ ಎರಡೂವರೆ ವರ್ಷಕ್ಕಿಂತ ಹೆಚ್ಚಿನ ಕೆಲಸ ಸುಳಿಯ ಕತ್ತಲಲ್ಲೇ ನಡೆದಿರುತ್ತದೆ. ಆ ಕಾಲದ ಯಾವ ಘಟ್ಟದಲ್ಲಿ ನೀರು ಕೈಕೊಟ್ಟರೂ ಹೂವು ಕಡಿಮೆ, ಇಲ್ಲವೇ ಎಳೆಗಾಯಿಯ ಹರಳು ಉದುರುತ್ತದೆ. ಇದಕ್ಕೆ ಅಟ್ಟದ ಹನ್ನೊಂದು ತಿಂಗಳು ಸೇರಿಸಿದರೆ ನಾಲ್ಕೂವರೆ ವರ್ಷ. 2025ರಲ್ಲಿ ಚೀಲ ಸೇರಿದ ಕೊಬ್ಬರಿಗೆ ಹೊಂಬಾಳೆ ಕಟ್ಟಿದ್ದು 2020, 2021ರ ಹೊತ್ತಿಗೆ. ಅದು ಬರದ ವರ್ಷವನ್ನು ಹೂವಾಗಿಯೋ ಹರಳಾಗಿಯೋ ದಾಟಿ ಬಂದದ್ದು. 2023ರಲ್ಲಿ ಸುಳಿಯೊಳಗೆ ಮೂಡಲು ಹೊರಟಿದ್ದವು ಅಟ್ಟ ದಾಟಿ ಬರಬೇಕಾದದ್ದು 2027, 2028ರಲ್ಲಿ.

ಹೀಗೆ ನೋಡಿದರೆ ಮೊದಲಿಗೆ ಮಾಡಿದ ಲೆಕ್ಕಕ್ಕೂ ಒಂದು ತಿದ್ದುಪಡಿ ಬೇಕು. ನಿಧಾನವೇ ಇಕ್ಕಟ್ಟಲ್ಲ, ನಿಜ. ಆದರೆ ನಿಧಾನ ಇಕ್ಕಟ್ಟನ್ನು ಮುಚ್ಚಿಡುತ್ತದೆ. ಉದ್ದ ಸರಣಿಯಲ್ಲಿ ತಡೆ ಬಿದ್ದ ಜಾಗಕ್ಕೂ ಅದು ಕಾಣಿಸಿಕೊಳ್ಳುವ ದಿನಕ್ಕೂ ವರ್ಷಗಳ ಅಂತರ. ಕಾಣಿಸುವ ಹೊತ್ತಿಗೆ ಅದನ್ನು ಅಗಲ ಮಾಡುವ ಕಾಲ ಮುಗಿದಿರುತ್ತದೆ. ಹಿಂದಿನ ಬೇಸಿಗೆಗೆ ಯಾರೂ ನೀರು ಕಟ್ಟಲಾರರು.

ಈ ಬೇಸಿಗೆಗೆ ಕಟ್ಟಬಹುದು. ಹೇಮಾವತಿಯ ನಾಲೆಯಿಂದ ಮಲ್ಲಾಘಟ್ಟ ಕೆರೆ ತುಂಬಿದ ವರ್ಷ ಸುತ್ತಿನ ಬೋರ್‌ವೆಲ್‌ಗಳು ಉಸಿರಾಡುತ್ತವೆ. ತುಂಬದ ವರ್ಷ ಹನಿ ನೀರಾವರಿ, ಪಾತಿಗೆ ಸೋಗೆ ಮಟ್ಟೆಯ ಮುಚ್ಚಿಗೆ, ಬದು. ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದವರು ಹೇಳುವುದೂ, ರೈತರಿಗೆ ಗೊತ್ತಿರುವುದೂ ಹೆಚ್ಚುಕಡಿಮೆ ಇದೇ. ಗೊತ್ತಿದ್ದೂ ಯಾಕೆ ಎಲ್ಲರೂ ಮಾಡುವುದಿಲ್ಲ ಎಂದು ತೋಟ ಮಾಡುವ ನನ್ನ ಅಣ್ಣನನ್ನು ಕೇಳಿದರೆ ಅವನು ಸೊಸೈಟಿಯ ಪಾಸ್‌ಬುಕ್ಕು ತೆಗೆದು ತೋರಿಸುತ್ತಾನೆ. ಬಡ್ಡಿಯಿಲ್ಲದ ಬೆಳೆಸಾಲ, ಒಳ್ಳೆಯದೇ. ತೀರಿಸಬೇಕಾದದ್ದು ವರ್ಷದೊಳಗೆ. ಈ ಏಪ್ರಿಲ್‌ನಲ್ಲಿ ಆ ದುಡ್ಡನ್ನು ಮರದ ಬುಡಕ್ಕೆ ನೀರಾಗಿ ಬಿಟ್ಟರೆ ಅದು ಪೂರ್ತಿ ಕೊಬ್ಬರಿಯಾಗಿ ಚೀಲ ಸೇರುವ ಹೊತ್ತಿಗೆ ಅವನು ಅದೇ ಸಾಲವನ್ನು ನಾಲ್ಕು ಸಲ ತೀರಿಸಿ ನಾಲ್ಕು ಸಲ ತೆಗೆದಿರಬೇಕು, ನಡುವಿನ ಆ ನಾಲ್ಕು ಸಲಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಅವನು ನನ್ನನ್ನೇ ಕೇಳುತ್ತಾನೆ.